ರೆಡಿಂಗ್‌ನ ಹೊಲದಲ್ಲಿ ನಾಣ್ಯ ಹುಡುಕಿ, ಲಕ್ಕುಂಡಿಯ ಹೊಲದಲ್ಲಿ ಬೇಡ

ಪ್ರಶ್ನೆ: ನಾನು ಗದಗ ಕಡೆಯವನು. ಈಗ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಕೆಲಸ. ಇಲ್ಲಿ ರಜೆ ದಿನ ಜನ ಮೆಟಲ್ ಡಿಟೆಕ್ಟರ್ ಹಿಡಿದು ಹೊಲಗಳಲ್ಲಿ ಹಳೇ ನಾಣ್ಯ ಹುಡುಕುವುದನ್ನು ನೋಡಿ ನನಗೂ ಆಸೆಯಾಗಿದೆ. ಯಾವ ಮಷಿನ್ ತಗೊಳ್ಳಲಿ? ಎಲ್ಲಿ ಹುಡುಕಬಹುದು? ಸಿಕ್ಕಿದ್ದು ನನ್ನದೇ ಆಗುತ್ತಾ? ಡಿಸೆಂಬರ್‌ನಲ್ಲಿ ಊರಿಗೆ ಬರುವಾಗ ಮಷಿನ್ ತಂದು ಲಕ್ಕುಂಡಿ ಹತ್ತಿರದ ನಮ್ಮ ಅಜ್ಜನ ಹೊಲದಲ್ಲೂ ಒಂದು ಕೈ ನೋಡೋಣ ಅಂತಿದ್ದೇನೆ. ಅಲ್ಲಿ ಕೊಪ್ಪರಿಗೆ ಹೊನ್ನು ಇದೆ ಅಂತ ಅಜ್ಜ ಹೇಳುತ್ತಿದ್ದರು. ತೊಂದರೆ ಏನಾದರೂ ಇದೆಯಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಮಷಿನ್ ಊರಿಗೆ ತರಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಮಾತ್ರ ಧಾರಾಳವಾಗಿ ಶುರು ಮಾಡಿ. ಈ ಹವ್ಯಾಸಕ್ಕೆ ಅಲ್ಲಿರುವಷ್ಟು ಒಳ್ಳೆಯ ವ್ಯವಸ್ಥೆ ಬೇರೆ ಕಡೆ ಅಪರೂಪ.

ಹೊಸಬರು ಎಲ್ಲರೂ ಮೊದಲು ಕೇಳುವುದು ಮಷಿನ್ ಬಗ್ಗೆ. ಕೇಳಬೇಕಾದ್ದು ಜಾಗದ ಬಗ್ಗೆ. ಇಂಗ್ಲೆಂಡಿನಲ್ಲಿ ಪ್ರತಿ ಹೊಲಕ್ಕೂ, ಪ್ರತಿ ಹುಲ್ಲುಗಾವಲಿಗೂ ಒಬ್ಬ ಯಜಮಾನ ಇದ್ದಾನೆ. ಹೊಲದ ಮಧ್ಯೆ ಸಾರ್ವಜನಿಕರ ಕಾಲುದಾರಿ ಹೋಗಿದ್ದರೆ ಅದರಲ್ಲಿ ನಡೆಯಬಹುದು ಅಷ್ಟೇ, ಹುಡುಕುವ ಹಾಗಿಲ್ಲ. ಪಾರ್ಕ್ ಆದರೆ ಅಲ್ಲಿಯ ಕೌನ್ಸಿಲ್ ಒಪ್ಪಬೇಕು. ಹಳೇ ಮನೆ, ಜಮೀನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಜಾಗಗಳಲ್ಲಿ ಹವ್ಯಾಸಕ್ಕೆ ಬಿಡುವುದಿಲ್ಲ. ಲಂಡನ್ನಿನಲ್ಲಿ ಥೇಮ್ಸ್ ಇಳಿದಾಗ ಕಾಣುವ ದಡದ ಕೆಸರಿನಲ್ಲಿ ಹುಡುಕಲು ಪೋರ್ಟ್ ಆಫ್ ಲಂಡನ್ ಅಥಾರಿಟಿಯ ಪರ್ಮಿಟ್ ಬೇಕು. ಬರೀ ಕಣ್ಣಲ್ಲಿ ನೋಡಿ ಹೆಕ್ಕುವುದಕ್ಕೂ ಬೇಕು.

ನೀವಿರುವ ರೆಡಿಂಗ್‌ಗೆ ಹತ್ತಿರದಲ್ಲೇ ಸಿಲ್ಚೆಸ್ಟರ್ ಇದೆ. ರೋಮನ್ನರ ಕಾಲದ ಕಲ್ಲೇವಾ ಪಟ್ಟಣ ಅಲ್ಲಿತ್ತು. ಕೋಟೆಗೋಡೆ ಇವತ್ತಿಗೂ ನಿಂತಿದೆ, ಒಳಗೆಲ್ಲ ಖಾಲಿ ಹುಲ್ಲುಗಾವಲು. ನೋಡಿದ ಕೂಡಲೇ ಕೈ ತುರಿಸುತ್ತದೆ. ರೆಡಿಂಗ್ ವಿಶ್ವವಿದ್ಯಾಲಯದವರು ಅಲ್ಲಿ ವರ್ಷಗಟ್ಟಲೆ ಉತ್ಖನನ ಮಾಡಿದ್ದಾರೆ. ಅದು ಸಂರಕ್ಷಿತ ಸ್ಮಾರಕ. ಅಂಥ ಕಡೆ ಅನುಮತಿ ಇಲ್ಲದೆ ಡಿಟೆಕ್ಟರ್ ಆಡಿಸುವುದೇ 1979ರ ಕಾಯ್ದೆ ಪ್ರಕಾರ ಅಪರಾಧ, ಅಗೆಯಲೇಬೇಕು ಅಂತಿಲ್ಲ. ಗೋಡೆ ನೋಡಿಕೊಂಡು ಬನ್ನಿ, ಮಷಿನ್ ಕಾರಿನಿಂದ ಇಳಿಸಬೇಡಿ. ಸಂರಕ್ಷಿತ ಜಾಗಗಳ ನಕ್ಷೆಯನ್ನು ಸ್ಮಾರಕ ನೋಡಿಕೊಳ್ಳುವ ಸರಕಾರಿ ಸಂಸ್ಥೆ ಹಿಸ್ಟಾರಿಕ್ ಇಂಗ್ಲೆಂಡ್‌ನವರು ಎಲ್ಲರಿಗೂ ಪುಕ್ಕಟೆ ಕೊಟ್ಟಿದ್ದಾರೆ. ಯಾವ ಹೊಲಕ್ಕೆ ಹೋಗುವ ಮೊದಲೂ ಒಮ್ಮೆ ತೆರೆದು ನೋಡಿ.

ಹಾಗಾದರೆ ಹೋಗುವುದೆಲ್ಲಿಗೆ? ರೈತರ ಹತ್ತಿರ. ಕಟಾವು ಮುಗಿದು ಮುಂದಿನ ಬಿತ್ತನೆ ಆಗುವ ತನಕದ ಹೊಲ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಪರಿಚಯ ಇಲ್ಲದ ರೈತರ ಮನೆ ಬಾಗಿಲು ತಟ್ಟಲು ಸಂಕೋಚ ಆದರೆ ಹತ್ತಿರದ ಡಿಟೆಕ್ಟಿಂಗ್ ಕ್ಲಬ್ ಸೇರಿ. ಅವರೇ ಹೊಲ ಗೊತ್ತು ಮಾಡಿರುತ್ತಾರೆ. ನ್ಯಾಷನಲ್ ಕೌನ್ಸಿಲ್ ಫಾರ್ ಮೆಟಲ್ ಡಿಟೆಕ್ಟಿಂಗ್‌ನ ಸದಸ್ಯತ್ವ ತಗೊಂಡರೆ ವಿಮೆಯೂ ಸಿಗುತ್ತದೆ. ವಿಮೆ ಇದೆ ಅಂದರೆ ರೈತರು ಬೇಗ ಒಪ್ಪುತ್ತಾರೆ. ಒಪ್ಪಿದ ಮೇಲೆ ಒಂದು ಹಾಳೆ ಬರೆದು ಇಬ್ಬರೂ ಸಹಿ ಹಾಕಿ. ಯಾವ ಹೊಲ, ಯಾವ ತಿಂಗಳು, ಸಿಕ್ಕಿದ್ದರಲ್ಲಿ ಯಾರಿಗೆಷ್ಟು, ಇಷ್ಟು ಸಾಕು. ಸಿಗುವ ಮುಂಚೆ ಎಲ್ಲರೂ ಸ್ನೇಹಿತರೇ. ಸಿಕ್ಕ ಮೇಲೆ ಹಾಳೆ ಬೇಕಾಗುತ್ತದೆ.

ಈಗ ಮಷಿನ್. ಕೆಳಗಿನ ತಟ್ಟೆಯೊಳಗೆ ತಾಮ್ರದ ತಂತಿಯ ಎರಡು ಸುರುಳಿ ಇರುತ್ತವೆ. ಒಂದು ಸುರುಳಿ ನೆಲದೊಳಕ್ಕೆ ಕಾಂತಕ್ಷೇತ್ರ ಬಿಡುತ್ತದೆ. ಅಲ್ಲಿ ಲೋಹ ಇದ್ದರೆ ಅದರ ಮೈಯಲ್ಲಿ ಸಣ್ಣ ವಿದ್ಯುತ್ ಸುಳಿ ಏಳುತ್ತದೆ. ಆ ಸುಳಿ ಹುಟ್ಟಿಸುವ ಕಾಂತಕ್ಷೇತ್ರವನ್ನು ಇನ್ನೊಂದು ಸುರುಳಿ ಹಿಡಿಯುತ್ತದೆ. ಬಿಟ್ಟ ಅಲೆಗೂ ಬಂದ ಅಲೆಗೂ ಎಷ್ಟು ಹಿಂದುಮುಂದು ಆಯಿತು ಅಂತ ಲೆಕ್ಕ ಹಾಕಿ ಪರದೆಯಲ್ಲಿ ಒಂದು ನಂಬರ್ ತೋರಿಸುತ್ತದೆ. ಕಬ್ಬಿಣಕ್ಕೆ ಸಾಮಾನ್ಯವಾಗಿ ಚಿಕ್ಕ ನಂಬರ್. ದಪ್ಪ ಬೆಳ್ಳಿಗೆ, ದೊಡ್ಡ ತಾಮ್ರದ ನಾಣ್ಯಕ್ಕೆ ದೊಡ್ಡ ನಂಬರ್. ತಮಾಷೆ ಇರುವುದು ನಡುವೆ. ಕೋಲಾ ಡಬ್ಬಿಯ ಮುಚ್ಚಳ ಕೀಳುವ ಅಲ್ಯುಮಿನಿಯಂ ಉಂಗುರ, ಚಿನ್ನದ ಉಂಗುರ ಎರಡಕ್ಕೂ ಹೆಚ್ಚುಕಡಿಮೆ ಒಂದೇ ನಂಬರ್ ಬರುತ್ತದೆ. ಕಸ ಬೇಡ ಅಂತ ಆ ನಂಬರ್ ಮುಚ್ಚಿಟ್ಟರೆ ಚಿನ್ನಕ್ಕೂ ಕಿವುಡಾದ ಹಾಗೆ. ಅದಕ್ಕೇ ಅನುಭವಿಗಳು ಕಸವನ್ನೂ ಅಗೆಯುತ್ತಾರೆ. ಬೇರೆ ದಾರಿ ಇಲ್ಲ.

ಗ್ಯಾರೆಟ್, ಮೈನ್‌ಲ್ಯಾಬ್, ನೋಕ್ಟಾ, ಈ ಮೂರರಲ್ಲಿ ಯಾವುದರ ಆರಂಭದ ಮಾಡೆಲ್ ತಗೊಂಡರೂ ಪರವಾಗಿಲ್ಲ. ಮೊದಲ ಮಷಿನ್‌ಗೆ 200–300 ಪೌಂಡ್‌ಗಿಂತ ಜಾಸ್ತಿ ಸುರಿಯಬೇಡಿ. ಉಳಿದ ದುಡ್ಡಲ್ಲಿ ಕೈಯಲ್ಲಿ ಹಿಡಿದು ಗುಂಡಿಯೊಳಗೆ ಚುಚ್ಚಿ ನೋಡುವ ಪಿನ್‌ಪಾಯಿಂಟರ್ ಕೊಳ್ಳಿ. ಅದಿಲ್ಲದೆ ತೆಳ್ಳಗಿನ ಬೆಳ್ಳಿ ನಾಣ್ಯವನ್ನು ಮಣ್ಣಿನ ಹೆಂಟೆಯಲ್ಲಿ ಹುಡುಕುವುದು ದೊಡ್ಡ ಪಾಡು. ಒಂದು ಬಿಡಿ ನಾಣ್ಯ ಇಂಥ ಮಷಿನ್‌ಗೆ 20–25 ಸೆಂಟಿಮೀಟರ್ ಆಳದ ತನಕ ಕೇಳಿಸಿದರೆ ಹೆಚ್ಚು. ಹತ್ತು ಅಡಿ, ಇಪ್ಪತ್ತು ಅಡಿ ಅಂತ ಯಾರಾದರೂ ಮಾರಲು ಬಂದರೆ ನಂಬಬೇಡಿ. ಉಪ್ಪುನೀರಿನ ಬೀಚ್‌ನಲ್ಲಿ ಒದ್ದೆ ಮರಳೇ ಮಷಿನ್‌ನ ತಲೆ ಕೆಡಿಸುತ್ತದೆ, ಅಲ್ಲಿಗೆ ಪಲ್ಸ್ ಇಂಡಕ್ಷನ್ ಅನ್ನುವ ಬೇರೆ ಜಾತಿಯ ಮಷಿನ್ ಇದೆ. ಸದ್ಯಕ್ಕೆ ನಿಮಗೆ ಬೇಡ.

ಹೊಲಕ್ಕೆ ಇಳಿದಾಗ ತಟ್ಟೆಯನ್ನು ಅಂಗಳ ಗುಡಿಸುವ ಹಾಗೆ ನೆಲಕ್ಕೆ ತಾಗುವಷ್ಟು ಹತ್ತಿರವೇ ಆಡಿಸಿ. ಒಂದು ಬೀಸು ಹೋದ ಜಾಗದ ಅರ್ಧ ಭಾಗ ಮುಂದಿನ ಬೀಸಿಗೂ ಬರಬೇಕು. ಕೊನೆಗೆ ಕೈ ಮೇಲೆತ್ತುವ ಚಟ ಎಲ್ಲರಿಗೂ ಇರುತ್ತದೆ. ಅಲ್ಲೇ ಆಳ ಕಳೆದುಹೋಗುತ್ತದೆ. ಉಕ್ಕಿನ ತುದಿಯ ಬೂಟು ಹಾಕಿಕೊಂಡು ಹೋದರೆ ದಿನವಿಡೀ ನಿಮ್ಮ ಕಾಲನ್ನೇ ಪತ್ತೆ ಹಚ್ಚುತ್ತಿರುತ್ತೀರಿ! ಹುಲ್ಲುನೆಲ ಆದರೆ ಮೂರು ಬದಿ ಕತ್ತರಿಸಿ ಹುಲ್ಲಿನ ಹೆಂಟೆಯನ್ನು ಮಗುಚಿ, ಕೆಲಸ ಮುಗಿದ ಮೇಲೆ ಹಾಗೇ ಮುಚ್ಚಿ ಕಾಲಲ್ಲಿ ಅದುಮಿ. ಗುಂಡಿ ಬಿಟ್ಟುಹೋಗಿ ರೈತನ ಕುರಿಯೋ ಹಸುವೋ ಕಾಲು ಮುರಿದುಕೊಂಡರೆ ಆ ಹೊಲದ ಕತೆ ಮುಗಿಯಿತು.

ಏನು ಸಿಗುತ್ತದೆ? ಬಹುಪಾಲು ಕಸ. ಕೋವಿಯ ತೋಟಾದ ಹಿತ್ತಾಳೆ ಬುಡ, ಅಂಗಿಯ ಗುಂಡಿ, ಸೀಸದ ಗುಂಡು, ಟ್ರ್ಯಾಕ್ಟರ್ ಚೂರು, ಅಲ್ಯುಮಿನಿಯಂ ಹಾಳೆ. ಯುದ್ಧಕಾಲದ ಬಾಂಬ್ ಥರ ಏನಾದರೂ ಕಂಡರೆ ಮುಟ್ಟಬೇಡಿ, ದೂರ ಸರಿದು 999ಕ್ಕೆ ಫೋನ್ ಮಾಡಿ. ನಾಣ್ಯಗಳಲ್ಲಿ ಮೊದಲು ಸಿಗುವುದು ವಿಕ್ಟೋರಿಯಾ ಕಾಲದ, ಜಾರ್ಜ್ ಕಾಲದ ದೊಡ್ಡ ಪೆನ್ನಿ. ಆರು ಪೆನ್ಸಿನ ನಾಣ್ಯ ಸಿಕ್ಕರೆ ಇಸವಿ ನೋಡಿ. 1919ರ ವರೆಗಿನದು 92.5 ಶೇಕಡಾ ಬೆಳ್ಳಿ, 1920ರಿಂದ ಅರ್ಧ ಬೆಳ್ಳಿ, 1947ರಿಂದ ಬೆಳ್ಳಿಯೇ ಇಲ್ಲ.

ಆದರೆ ಈ ಹವ್ಯಾಸದವರು ಕನವರಿಸುವುದು ಸುತ್ತಿಗೆ ನಾಣ್ಯವನ್ನು. ಯಂತ್ರ ಬರುವ ಮೊದಲು ಅಚ್ಚಿನ ಮೇಲೆ ಬೆಳ್ಳಿ ಬಿಲ್ಲೆ ಇಟ್ಟು ಸುತ್ತಿಗೆಯಿಂದ ಹೊಡೆದು ಮಾಡಿದ್ದು. ಹೆಬ್ಬೆರಳ ಉಗುರಿಗಿಂತ ಸ್ವಲ್ಪ ಅಗಲ, ಕೈಯಲ್ಲಿ ಹಿಡಿದರೆ ಭಾರವೇ ಗೊತ್ತಾಗದಷ್ಟು ತೆಳು. ಒಂದು ಬದಿಗೆ ರಾಜನ ಮುಖ, ಇನ್ನೊಂದು ಬದಿಗೆ ಶಿಲುಬೆ. 1247ರಲ್ಲಿ ಆ ಶಿಲುಬೆಯ ತೋಳುಗಳನ್ನು ನಾಣ್ಯದ ಅಂಚಿನವರೆಗೂ ಚಾಚಿದರು. ಅಂಚು ಕತ್ತರಿಸಿ ಬೆಳ್ಳಿ ಕದಿಯುವವರಿಗೆ ತಡೆ ಆಗಲಿ ಅಂತ. ಚಿಲ್ಲರೆ ಬೇಕಾದಾಗ ಪೆನ್ನಿಯನ್ನೇ ಎರಡಾಗಿ, ನಾಲ್ಕಾಗಿ ಕತ್ತರಿಸಿ ಕೊಡುತ್ತಿದ್ದರು. ಶಿಲುಬೆಯೇ ಕತ್ತರಿಸುವ ಗೆರೆ. 1279ರಲ್ಲಿ ಒಂದನೇ ಎಡ್ವರ್ಡ್ ನಾಣ್ಯ ಸುಧಾರಣೆ ಮಾಡಿ ದುಂಡನೆಯ ಚಿಲ್ಲರೆ ತಂದ ಮೇಲೆ ಈ ಪದ್ಧತಿ ನಿಂತುಹೋಯಿತು. ಹಾಗಾಗಿ ಹೆಂಟೆ ಒಡೆದಾಗ ನೆಟ್ಟಗಿನ ಎರಡು ಅಂಚು, ಒಂದು ಬಾಗಿದ ಅಂಚಿನ ಬೆಳ್ಳಿ ಚೂರು ಕಂಡರೆ ಮುರಿದ ನಾಣ್ಯ ಅಂತ ಬಿಸಾಕಬೇಡಿ. ಅದು ಯಾರೋ ಸಂತೆಯಲ್ಲಿ ಕೊಟ್ಟ ಕಾಲು ಪೆನ್ನಿ.

ಸಿಕ್ಕ ಕೂಡಲೇ ಹೆಬ್ಬೆರಳಲ್ಲಿ ತಿಕ್ಕುವುದು ಎಲ್ಲರೂ ಮಾಡುವ ಕೆಲಸ. ದಯವಿಟ್ಟು ಬೇಡ. ಅಂಟಿದ ಮಣ್ಣಿನ ಮರಳೇ ಉಪ್ಪುಕಾಗದದಂತೆ ಗೀರುತ್ತದೆ. ಹಸಿರುಗಟ್ಟಿದ ಕಂಚಿನ ನಾಣ್ಯದಲ್ಲಿ ಅಕ್ಷರ, ಮುಖ ಎಲ್ಲ ಉಳಿದಿರುವುದು ಆ ಹಸಿರು ಪದರದಲ್ಲೇ. ಹಾಗೇ ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೊಬೈಲಲ್ಲಿ ಆ ಜಾಗದ ಲೊಕೇಶನ್ ಗುರುತು ಮಾಡಿ, ಚೀಲದ ಮೇಲೆ ಬರೆಯಿರಿ. ಹತ್ತು ನಾಣ್ಯ ಒಂದೇ ಜೇಬಿಗೆ ಹಾಕಿಕೊಂಡು ಮನೆಗೆ ಬಂದರೆ ನಿಮ್ಮ ಹತ್ತಿರ ಹತ್ತು ನಾಣ್ಯ ಇರುತ್ತವೆ, ಅವು ಹೇಳಬಹುದಾಗಿದ್ದ ವಿಷಯ ಇರುವುದಿಲ್ಲ.

ಇದನ್ನು ಸುಮ್ನೆ ಉಪದೇಶಕ್ಕೆ ಹೇಳುತ್ತಿಲ್ಲ. 2010ರ ಏಪ್ರಿಲ್‌ನಲ್ಲಿ ಸಾಮರ್ಸೆಟ್‌ನ ಫ್ರೋಮ್ ಹತ್ತಿರ ಡೇವ್ ಕ್ರಿಸ್ಪ್ ಅನ್ನುವ ಹವ್ಯಾಸಿಗೆ ಒಂದು ಸದ್ದು ಸಿಕ್ಕಿತು. ಅಗೆದಾಗ ಸಣ್ಣ ಸಣ್ಣ ರೋಮನ್ ನಾಣ್ಯ, ಕೆಳಗೆ ಮಡಕೆಯ ಚೂರು. ಆಸೆಯಲ್ಲಿ ಇನ್ನಷ್ಟು ಬಗೆಯಲಿಲ್ಲ ಆತ. ಗುಂಡಿ ಮುಚ್ಚಿ ತಜ್ಞರಿಗೆ ಹೇಳಿದ. ಅವರು ಬಂದು ಮಡಕೆಯನ್ನು ಪದರ ಪದರವಾಗಿ ಬಿಡಿಸಿ ಪ್ರತಿ ಪದರದ ನಾಣ್ಯವನ್ನು ಬೇರೆ ಬೇರೆ ಇಟ್ಟರು. ಒಟ್ಟು 52,503 ನಾಣ್ಯ, 160 ಕಿಲೋ ತೂಕ. ಅದರಲ್ಲಿ ತೀರಾ ಈಚಿನವು ಕರೌಸಿಯಸ್ ಅನ್ನುವ ದೊರೆಯವು. ಆತ ಬ್ರಿಟನ್ ಆಳಿದ್ದು ಕ್ರಿ.ಶ. 286ರಿಂದ 293. ವರ್ಷ ವರ್ಷ ಉಳಿತಾಯ ಮಾಡಿ ಹಾಕಿದ ಮಡಕೆ ಆಗಿದ್ದರೆ ಅವು ಎಲ್ಲಕ್ಕಿಂತ ಮೇಲಿರಬೇಕು, ಅಲ್ವಾ? ಬಹುಪಾಲು ಸಿಕ್ಕಿದ್ದು ಅರ್ಧಕ್ಕಿಂತ ಕೆಳಗೆ. ಅಂದರೆ ಇಡೀ ಮಡಕೆಯನ್ನು ಒಂದೇ ಸಲಕ್ಕೆ ತುಂಬಿದ್ದರು. ಅಷ್ಟು ಭಾರ ಹೊರುವ ಗಟ್ಟಿ ಮಡಕೆಯೂ ಅದಲ್ಲ. ಮೊದಲು ಮಡಕೆ ಹೂತು ಆಮೇಲೆ ನಾಣ್ಯ ಸುರಿದಿರಬೇಕು. ಕಳ್ಳರ ಭಯಕ್ಕೆ ಬಚ್ಚಿಟ್ಟಿದ್ದಲ್ಲ, ದೇವರಿಗೆ ಒಪ್ಪಿಸಿದ್ದು ಇರಬಹುದು ಅನ್ನುವ ಚರ್ಚೆ ಹುಟ್ಟಿದ್ದು ಹೀಗೆ. ಕ್ರಿಸ್ಪ್ ಆವತ್ತು ಮಡಕೆಯನ್ನು ಗೋಣಿಚೀಲಕ್ಕೆ ಸುರುವಿಕೊಂಡಿದ್ದರೆ ನಾಣ್ಯದ ಬೆಲೆ ಅಷ್ಟೇ ಇರುತ್ತಿತ್ತು, ಈ ಚರ್ಚೆ ಮಾತ್ರ ಇರುತ್ತಿರಲಿಲ್ಲ. ಮ್ಯೂಸಿಯಂ ಅದಕ್ಕೆ 3,20,250 ಪೌಂಡ್ ಕೊಟ್ಟಿತು. ಕ್ರಿಸ್ಪ್‌ಗೂ ಹೊಲದವರಿಗೂ ಅರ್ಧರ್ಧ.

ಸಿಕ್ಕಿದ್ದು ನಿಮ್ಮದಾಗುತ್ತಾ ಅಂತ ಕೇಳಿದಿರಿ. ಇಂಗ್ಲೆಂಡಿನಲ್ಲಿ 1996ರ ಟ್ರೆಷರ್ ಆಕ್ಟ್ ಇದೆ. 300 ವರ್ಷಕ್ಕಿಂತ ಹಳೆಯ, ಶೇಕಡಾ 10ಕ್ಕೆ ಕಡಿಮೆ ಇಲ್ಲದಷ್ಟು ಚಿನ್ನ ಅಥವಾ ಬೆಳ್ಳಿ ಇರುವ ಒಡವೆ, ಸಾಮಾನು ಒಂದೇ ಸಿಕ್ಕರೂ ನಿಧಿ. ನಾಣ್ಯಕ್ಕೆ ಲೆಕ್ಕ ಬೇರೆ. ಬಿಡಿ ನಾಣ್ಯ ಸಾಮಾನ್ಯವಾಗಿ ನಿಧಿ ಅಲ್ಲ. ಅಂಥ ಹಳೆಯ ಚಿನ್ನ, ಬೆಳ್ಳಿ ನಾಣ್ಯ ಒಂದೇ ಕಡೆ ಎರಡು ಸಿಕ್ಕರೆ ನಿಧಿ. ಕಂಚು, ತಾಮ್ರದ್ದಾದರೆ ಹತ್ತು ಸಿಗಬೇಕು. 2023ರ ಜುಲೈನಿಂದ ಇನ್ನೊಂದು ನಿಯಮ ಸೇರಿದೆ. 200 ವರ್ಷ ದಾಟಿದ, ಚರಿತ್ರೆಗೆ ತುಂಬ ಮುಖ್ಯವಾದ ಲೋಹದ ವಸ್ತು ಯಾವ ಲೋಹದ್ದಾದರೂ ನಿಧಿ ಆಗಬಹುದು. ನಿಧಿ ಅಂತ ಅನಿಸಿದ 14 ದಿನದೊಳಗೆ ಕರೋನರ್ ಅನ್ನುವ ಅಧಿಕಾರಿಗೆ ತಿಳಿಸಬೇಕು. ಮುಚ್ಚಿಟ್ಟರೆ ಮೂರು ತಿಂಗಳವರೆಗೆ ಜೈಲು, ದಂಡ. ನೀವು ಕರೋನರ್‌ನ ಹುಡುಕಿಕೊಂಡು ಹೋಗಬೇಕಿಲ್ಲ. ಪ್ರತಿ ಪ್ರದೇಶಕ್ಕೂ ಸಿಕ್ಕ ವಸ್ತುಗಳನ್ನು ದಾಖಲಿಸುವ ಒಬ್ಬ ಫೈಂಡ್ಸ್ ಲಿಯೇಜನ್ ಆಫೀಸರ್ ಇರುತ್ತಾರೆ, ಅವರಿಗೆ ಹೇಳಿದರೆ ಸಾಕು. ಮ್ಯೂಸಿಯಂ ಬೇಕು ಅಂದರೆ ಮಾರುಕಟ್ಟೆ ಬೆಲೆ ಕಟ್ಟಿ ದುಡ್ಡು ಕೊಡುತ್ತಾರೆ. ಬೇಡ ಅಂದರೆ ವಾಪಸ್ ಕೊಡುತ್ತಾರೆ.

ನಿಧಿ ಅಲ್ಲದ ಬಿಡಿ ನಾಣ್ಯ, ಗುಂಡಿ, ಬಕಲ್‌ಗಳನ್ನೂ ಅದೇ ಆಫೀಸರ್‌ಗೆ ತೋರಿಸಿ. ಇದಕ್ಕೆ ಒತ್ತಾಯ ಇಲ್ಲ, ಆದರೂ ತೋರಿಸಿ. ಬ್ರಿಟಿಷ್ ಮ್ಯೂಸಿಯಂ ನಡೆಸುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ನ ದಾಖಲೆಯಲ್ಲಿ ಹೀಗೆ ಸೇರಿದ 15 ಲಕ್ಷಕ್ಕೂ ಹೆಚ್ಚು ವಸ್ತುಗಳಿವೆ. ಬಹುತೇಕ ಎಲ್ಲ ನಿಮ್ಮಂಥ ಹವ್ಯಾಸಿಗಳಿಗೇ ಸಿಕ್ಕಿದ್ದು. ದಾಖಲಿಸಿ ನಿಮ್ಮ ವಸ್ತು ನಿಮಗೇ ಕೊಡುತ್ತಾರೆ.

ಈ ಕಾಯ್ದೆ ನಡೆಯುವುದು ಹೆದರಿಕೆಗಲ್ಲ, ಹೇಳಿದವನಿಗೆ ದುಡ್ಡು ಬರುತ್ತದೆ ಅನ್ನುವುದಕ್ಕೆ ಅಂತ ನನ್ನ ಅನಿಸಿಕೆ. ಹೆದರಿಕೆಯೂ ಇದೆ ಅನ್ನಿ. 2015ರಲ್ಲಿ ಹೆರೆಫರ್ಡ್‌ಶೈರ್‌ನ ಲೆಮ್‌ಸ್ಟರ್ ಹತ್ತಿರ ಇಬ್ಬರಿಗೆ ಸುಮಾರು 300 ನಾಣ್ಯಗಳ ವೈಕಿಂಗ್ ಕಾಲದ ನಿಧಿ ಸಿಕ್ಕಿತು ಅಂತ ಅಂದಾಜು. ಅವರು ಹೇಳದೆ ಮಾರಿಕೊಂಡರು. 2019ರಲ್ಲಿ ಕಳ್ಳತನದ ಕೇಸಿನಲ್ಲಿ ಇಬ್ಬರಿಗೂ ವರ್ಷಗಟ್ಟಲೆ ಜೈಲಾಯಿತು. ಬಹುಪಾಲು ನಾಣ್ಯ ಇನ್ನೂ ಪತ್ತೆಯಿಲ್ಲ. ಸಿಕ್ಕ ಕೆಲವೇ ನಾಣ್ಯಗಳ ಪೈಕಿ ಕೆಲವದರ ಮೇಲೆ ವೆಸೆಕ್ಸ್ ರಾಜ್ಯದ ಆಲ್ಫ್ರೆಡ್ ದೊರೆ, ಪಕ್ಕದ ಮರ್ಸಿಯಾ ರಾಜ್ಯದ ದೊರೆ ಜೋಡಿಯಾಗಿ ಕೂತಿದ್ದಾರೆ. ಆಲ್ಫ್ರೆಡ್‌ನ ಕಡೆಯವರು ಬರೆದ ಚರಿತ್ರೆ ಆ ಇನ್ನೊಬ್ಬನನ್ನು ಕೈಲಾಗದವನು ಅಂತ ಬದಿಗೆ ಸರಿಸಿತ್ತು. ನಾಣ್ಯ ನೋಡಿದರೆ ಇಬ್ಬರೂ ಸಮಸಮ.

ಇದಕ್ಕೆ ತದ್ವಿರುದ್ಧ ಹಾಕ್ಸ್‌ನ್ ಕತೆ. 1992ರಲ್ಲಿ ಸಫೋಕ್‌ನ ರೈತರೊಬ್ಬರ ಸುತ್ತಿಗೆ ಹೊಲದಲ್ಲಿ ಕಳೆಯಿತು. ಅದನ್ನು ಹುಡುಕಿಕೊಡಲು ಹೋದ ಎರಿಕ್ ಲಾಸ್‌ಗೆ ಸುಮಾರು 15,000 ರೋಮನ್ ನಾಣ್ಯ, ಚಿನ್ನ ಬೆಳ್ಳಿಯ ಸಾಮಾನು ಸಿಕ್ಕವು. ಆತನೂ ಅಗೆಯುವುದು ನಿಲ್ಲಿಸಿ ತಿಳಿಸಿದ. ಸುತ್ತಿಗೆಯೂ ಸಿಕ್ಕಿತು, ಅದೂ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಲಂಡನ್ನಿಗೆ ಹೋದಾಗ ಆ ನಿಧಿಯ ಬೆಳ್ಳಿ ಮೆಣಸಿನ ಡಬ್ಬಿಗಳನ್ನು ತಪ್ಪದೆ ನೋಡಿ. ಅವುಗಳಲ್ಲಿ ಒಂದು ಒಡವೆ ಹಾಕಿಕೊಂಡ ಹೆಂಗಸಿನ ಆಕಾರದ್ದು. ಆ ಮೆಣಸು ಹೋಗುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯಿಂದ.

ಈ ವ್ಯಾಪಾರಕ್ಕೆ ರೋಮ್‌ನಿಂದ ಬಂದ ನಾಣ್ಯ ನಮ್ಮ ನೆಲದಲ್ಲೂ ಸಿಕ್ಕಿವೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲ್ವೆ ಕೆಲಸಕ್ಕೆ ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ತಜ್ಞರು ಉತ್ಖನನ ಮಾಡಿದಾಗ ರೋಮನ್ ನಾಣ್ಯ, ಶಾತವಾಹನರ ನಾಣ್ಯ ಎರಡೂ ಒಂದೇ ನೆಲೆಯಲ್ಲಿ ಸಿಕ್ಕಿವೆ. ಎರಡಕ್ಕೂ ಎಷ್ಟು ವ್ಯತ್ಯಾಸ ನೋಡಿ. ಒಂದು ಕಡೆ ಬರೀ ನಾಣ್ಯದ ಎಣಿಕೆ. ಇನ್ನೊಂದು ಕಡೆ ಊರಿನ ಕಾಲ ತಿಳಿಯಲು ದಾರಿ. ನಿಮ್ಮ ಲಕ್ಕುಂಡಿಯೂ ಇಂಥದ್ದೇ ಜಾಗ. ಲೊಕ್ಕಿಗುಂಡಿ ಆಗಿದ್ದ ಕಾಲದಲ್ಲಿ ಅಲ್ಲಿ ಟಂಕಸಾಲೆ ಇತ್ತು, ಅಲ್ಲಿಯ ಗದ್ಯಾಣ ಅನ್ನುವ ಚಿನ್ನದ ನಾಣ್ಯಕ್ಕೆ ದೂರದೂರ ಹೆಸರಿತ್ತು. ಅಜ್ಜ ಹೇಳಿದ ಕೊಪ್ಪರಿಗೆ ಇರಲಿ ಬಿಡಲಿ, ಅಲ್ಲಿಯ ಮಣ್ಣಿನಲ್ಲಿ ಹೊನ್ನು ಇದ್ದರೆ ಆಶ್ಚರ್ಯ ಏನಿಲ್ಲ. ಅದಕ್ಕೇ ಮಷಿನ್ ಬೇಡ ಅಂದಿದ್ದು.

ನಮ್ಮಲ್ಲಿ ಹೊಲ ನಿಮ್ಮದೇ ಇದ್ದರೂ ಅದರೊಳಗಿನ ನಿಧಿ ಸಲೀಸಾಗಿ ನಿಮ್ಮದಾಗುವುದಿಲ್ಲ. 1878ರ ಭಾರತದ ನಿಧಿ ಕಾಯ್ದೆ ಇದೆ. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆಯೂ ಇದೆ. ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. 1878ರ ಕಾಯ್ದೆಯಲ್ಲಿ ಇದಕ್ಕೆ ಇಟ್ಟ ಮಿತಿ ಹತ್ತು ರೂಪಾಯಿ! ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಲಕ್ಕುಂಡಿಯಲ್ಲಿ ಎಷ್ಟು ಗುಡಿಗಳಿವೆ ನಿಮಗೇ ಗೊತ್ತು. ಅಗೆಯುವ ಆಸೆ ಇರುವ ಹವ್ಯಾಸಿಗೆ ಇಂಗ್ಲೆಂಡಿನಲ್ಲಿರುವಂಥ ಆಫೀಸರ್ ಇಲ್ಲಿ ಇಲ್ಲ, ದಾಖಲಿಸಿ ವಾಪಸ್ ಕೊಡುವ ಪದ್ಧತಿಯೂ ಇಲ್ಲ.

ಕಾಯ್ದೆಗಿಂತ ಜೋರಾಗಿರುವುದು ಊರಿನ ಅನುಮಾನ. ನಿಧಿಗಳ್ಳರು ಲಿಂಗ ಕಿತ್ತಿದ್ದು, ಬಸವಣ್ಣನ ವಿಗ್ರಹ ಒಡೆದಿದ್ದು ನಮ್ಮ ಕಡೆ ಪೇಪರ್‌ನಲ್ಲಿ ಬರುತ್ತಲೇ ಇರುತ್ತದೆ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನೇ ನಿಧಿ ಆಸೆಗೆ ಕೆಡವಿದ್ದರು. ಇಂಥ ಕಡೆ ಹೊರದೇಶದಿಂದ ಬಂದವನೊಬ್ಬ ಕಿವಿಗೆ ಹೆಡ್‌ಫೋನ್ ಹಾಕಿ ಹೊಲದಲ್ಲಿ ಗುಂಡಿ ತೋಡುತ್ತಿದ್ದರೆ ಹವ್ಯಾಸ ಅಂತ ಯಾರು ನಂಬುತ್ತಾರೆ? ನೀವು ವಾಪಸ್ ಹೋದ ಮೇಲೆ ರಾತ್ರಿ ಹೊತ್ತು ಬೇರೆಯವರು ಹಾರೆ ಹಿಡಿದು ಬರುತ್ತಾರೆ. ಹೊಲದಲ್ಲಿ ಇರುವವರು ನಿಮ್ಮ ಮನೆಯವರು.

ಇನ್ನೊಂದು ಎಚ್ಚರಿಕೆ. ನಿಮಗೆ ಆಸಕ್ತಿ ಇದೆ ಅಂತ ಗೊತ್ತಾದ ಕೂಡಲೇ ಯಾರೋ ಒಬ್ಬರು ಗೋಲ್ಡ್ ಲೊಕೇಟರ್ ತೋರಿಸಲು ಬರುತ್ತಾರೆ. ಹಿಡಿಕೆಗೆ ಎರಡು ಆಂಟೆನಾ ಸಿಕ್ಕಿಸಿದ ಪೆಟ್ಟಿಗೆ. ಎಕರೆ ದೂರದ ಚಿನ್ನದ ಕಡೆ ತಾನೇ ತಿರುಗುತ್ತದೆ ಅನ್ನುತ್ತಾರೆ. ಹಾಗೆ ಕೆಲಸ ಮಾಡುವ ಯಂತ್ರ ಇಲ್ಲ. ಬ್ರಿಟನ್ನಿನ ಜೇಮ್ಸ್ ಮೆಕ್‌ಕಾರ್ಮಿಕ್ ಗಾಲ್ಫ್ ಚೆಂಡು ಹುಡುಕುವ ಆಟಿಕೆಯ ಮಾದರಿಯಲ್ಲಿ ಇಂಥದ್ದೇ ಆಂಟೆನಾ ಪೆಟ್ಟಿಗೆ ಮಾಡಿ, ಬಾಂಬ್ ಪತ್ತೆ ಹಚ್ಚುತ್ತದೆ ಅಂತ ಇರಾಕಿಗೆ ಮಾರಿದ್ದ. ಒಳಗೆ ಕೆಲಸ ಮಾಡುವಂಥದ್ದು ಏನೂ ಇರಲಿಲ್ಲ. 2013ರಲ್ಲಿ ಅವನಿಗೆ ಹತ್ತು ವರ್ಷ ಜೈಲಾಯಿತು. ಅಕ್ಕಿ ಎಳೆಯುವ ತಾಮ್ರದ ಚೊಂಬಿನ ರೈಸ್ ಪುಲ್ಲಿಂಗ್ ವ್ಯವಹಾರವೂ ಇದೇ ಸಾಲಿನದು. ದುಡ್ಡಿದ್ದು ವಿದೇಶದಲ್ಲಿರುವವರನ್ನೇ ಇವರು ಹುಡುಕುವುದು.

ಉಳುವಾಗಲೋ ಬಾವಿ ತೋಡುವಾಗಲೋ ಅಜ್ಜನ ಹೊಲದಲ್ಲಿ ತಾನಾಗಿ ಏನಾದರೂ ಕಂಡರೆ ಅಲ್ಲಿಗೇ ನಿಲ್ಲಿಸಲು ಮನೆಯವರಿಗೆ ಹೇಳಿಡಿ. ಫೋಟೋ ತೆಗೆದು ತಹಶೀಲ್ದಾರರಿಗೆ ಅಥವಾ ಜಿಲ್ಲಾಧಿಕಾರಿ ಕಚೇರಿಗೆ ಬರವಣಿಗೆಯಲ್ಲಿ ತಿಳಿಸಿ ಸ್ವೀಕೃತಿ ಪಡೆಯಲಿ.

ಊರಿಗೆ ಬಂದಾಗ ನಾಣ್ಯದ ಹುಚ್ಚು ಸುಮ್ಮನಿರದಿದ್ದರೆ ಹೊಲ ಬಿಟ್ಟು ಮನೆಯ ಹಳೇ ಪೆಟ್ಟಿಗೆ ತೆಗೆಯಿರಿ. 1835ರ ಈಸ್ಟ್ ಇಂಡಿಯಾ ಕಂಪನಿಯ ಕಾಲಾಣೆ, ಟಿಪ್ಪುವಿನ ಆನೆಯ ತಾಮ್ರದ ಕಾಸು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, ಮೇಲೆ ಕನ್ನಡದಲ್ಲಿ ಮಯಿಲಿ ಕಾಸು ಅಂತ ಬರೆದ ನಾಣ್ಯ ಹೀಗೇ ಪೆಟ್ಟಿಗೆಗಳಲ್ಲಿ ಸಿಗುವಂಥವು. ದೇವರ ಪಾತ್ರೆ ಬೆಳಗುವಾಗ ಅವನ್ನೂ ಹುಣಸೆಹಣ್ಣು ಹಾಕಿ ತಿಕ್ಕಿಬಿಡುತ್ತಾರೆ, ಅಜ್ಜಿಗೆ ಮೊದಲೇ ಬೇಡ ಅಂತ ಹೇಳಿ. ಆದರೆ ಅವನ್ನು ರೆಡಿಂಗ್‌ಗೆ ಒಯ್ಯಬೇಡಿ. 1972ರ ಕಾಯ್ದೆ ಪ್ರಕಾರ 100 ವರ್ಷ ದಾಟಿದ ನಾಣ್ಯ ಪುರಾವಸ್ತು, ಖಾಸಗಿಯವರು ದೇಶದಿಂದ ಹೊರಗೆ ಕೊಂಡೊಯ್ಯುವ ಹಾಗಿಲ್ಲ. ಅಲ್ಲಿ ಸಿಕ್ಕ ರೋಮನ್ ನಾಣ್ಯವನ್ನು ಅಜ್ಜಿಗೆ ತೋರಿಸಲು ತರುವುದಕ್ಕೂ ತೊಡಕಿದೆ. ಬ್ರಿಟನ್ನಿನ ನೆಲದಲ್ಲಿ ಸಿಕ್ಕ 50 ವರ್ಷಕ್ಕಿಂತ ಹಳೆಯ ಪುರಾತತ್ವ ವಸ್ತುವಿಗೆ ಬೆಲೆ ಎಷ್ಟೇ ಇರಲಿ ರಫ್ತು ಲೈಸೆನ್ಸ್ ಕೇಳುತ್ತಾರೆ. ಟಿಕೆಟ್ ಮಾಡಿಸುವ ಮೊದಲೇ ನಿಮ್ಮ ಫೈಂಡ್ಸ್ ಆಫೀಸರ್ ಹತ್ತಿರ ವಿಚಾರಿಸಿ, ಇಲ್ಲವೇ ಮೊಬೈಲಲ್ಲಿ ಎರಡೂ ಬದಿಯ ಫೋಟೋ ತೆಗೆದುಕೊಂಡು ಬನ್ನಿ.